ಮಂಡಿ ಬದಲಿ: ಕಾಲು ನೆಟ್ಟಗಾದರೆ ಸಾಲದು, ಇಂಪ್ಲಾಂಟ್ ತಿರುಗಿ ಕೂರಬಾರದು

ಮಂಡಿಯಷ್ಟೇ ಕಾಣುವ ಸಣ್ಣ ಎಕ್ಸ್‌ರೇ ನೋಡಿ ನಾನು ಮಂಡಿ ಬದಲಿ ಶಸ್ತ್ರಚಿಕಿತ್ಸೆಯ ಅಳತೆ ಹಾಕುವುದಿಲ್ಲ. ರೋಗಿ ನಿಂತಿರುವಾಗ ಸೊಂಟದಿಂದ ಪಾದದ ಕೀಲಿನವರೆಗೆ ತೆಗೆದ ಉದ್ದನೆಯ ಚಿತ್ರ, ಸ್ಕ್ಯಾನೋಗ್ರಾಮ್, ಬೇಕೇ ಬೇಕು. ಅದನ್ನು ತೆಗೆಯುವಾಗ ಮಂಡಿಚಿಪ್ಪು ನೇರ ಮುಂದಕ್ಕೆ ನೋಡುತ್ತಿರಬೇಕು. ಮಂಡಿ ಪೂರ್ತಿ ಚಾಚದೆ ಸ್ವಲ್ಪ ತಿರುಗಿಯೂ ನಿಂತರೆ, ಕಾಲಿನಲ್ಲಿ ಇಲ್ಲದ ಓರೆ ಚಿತ್ರದಲ್ಲಿ ಮೂಡುತ್ತದೆ.

ತೊಡೆಮೂಳೆಯ ತಲೆಯ ನಡುವಿನಿಂದ ಮಂಡಿಯ ನಡುವಿಗೆ, ಅಲ್ಲಿಂದ ಪಾದದ ಕೀಲಿನ ನಡುವಿಗೆ ಎರಡು ಗೆರೆ ಎಳೆದರೆ ಸಿಗುವ ಕೋನವೇ ಎಲ್ಲಕ್ಕೂ ಬುನಾದಿ. ಎರಡೂ ಒಂದೇ ಗೆರೆಯಾದರೆ 180 ಡಿಗ್ರಿ. ಬಿಲ್ಲುಗಾಲಿನಲ್ಲಿ ಇದು ಕಡಿಮೆಯಾಗುತ್ತದೆ, ದೇಹದ ಭಾರವೆಲ್ಲ ಮಂಡಿಯ ಒಳಬದಿಗೆ ಬೀಳುತ್ತದೆ. ನಮ್ಮ ಕಡೆ ರೋಗಿಗಳು ತಡವಾಗಿ ಬರುವುದರಿಂದ 165 ಡಿಗ್ರಿಗೆ ಇಳಿದ ಕಾಲುಗಳೂ ಅಪರೂಪವಲ್ಲ.

ಇನ್ನೊಂದು ಅಳತೆಯನ್ನೂ ಇದೇ ಚಿತ್ರದಲ್ಲಿ ತೆಗೆದಿಟ್ಟುಕೊಳ್ಳುತ್ತೇನೆ. ಕಡಿತದ ಕೋನ ಹಿಡಿಯಲು ಫೀಮರಿನೊಳಗೆ, ಅಂದರೆ ತೊಡೆಮೂಳೆಯೊಳಗೆ, ತೂರಿಸುವ ಸರಳಿಗೂ ಭಾರ ಇಳಿಯುವ ಗೆರೆಗೂ ನಡುವೆ ಸಾಮಾನ್ಯವಾಗಿ 5ರಿಂದ 7 ಡಿಗ್ರಿ ಇರುತ್ತದೆ. ಫೀಮರ್ ಹೊರಕ್ಕೆ ಬಾಗಿದವರಲ್ಲಿ ಇದು 8, 9 ಅಥವಾ ಇನ್ನೂ ಹೆಚ್ಚು. 9 ಬೇಕಾದ ಮೂಳೆಗೆ ರೂಢಿಯಂತೆ 6 ಇಟ್ಟು ಕತ್ತರಿಸಿದರೆ ಅಲ್ಲೇ 3 ಡಿಗ್ರಿ ಬಿಲ್ಲು ಉಳಿಯಿತು. ಸರಳಿಗೆ ತೂತು ಕೊರೆಯುವುದು ಹಿಂಬದಿಯ ಕ್ರೂಸಿಯೇಟ್ ಲಿಗಮೆಂಟಿನ (ಮಂಡಿಯೊಳಗೆ ಎರಡು ಮೂಳೆಗಳನ್ನು ಕಟ್ಟಿಹಿಡಿಯುವ ಹಿಂದಿನ ಪಟ್ಟಿ) ಬುಡದಿಂದ ಸುಮಾರು 1 ಸೆಂ.ಮೀ. ಮುಂದೆ, ನಡುವಿಗಿಂತ ಚೂರು ಒಳಬದಿಗೆ. ತೂತನ್ನು ಸರಳಿಗಿಂತ ಅಗಲ ಮಾಡಿ, ಮಜ್ಜೆಯನ್ನು ಹೀರಿ ತೆಗೆದು, ನಿಧಾನವಾಗಿ ತೂರಿಸುತ್ತೇನೆ. ಅವಸರ ಮಾಡಿದರೆ ಒಳಗಿನ ಒತ್ತಡಕ್ಕೆ ಕೊಬ್ಬು ರಕ್ತಕ್ಕೆ ನುಗ್ಗುತ್ತದೆ.

ಟಿಬಿಯಾದ, ಅಂದರೆ ಮಂಡಿಯ ಕೆಳಗಿನ ಮೂಳೆಯ, ಕಡಿತದಲ್ಲಿ ನಾನು ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಇಂಪ್ಲಾಂಟ್ (ಕೂರಿಸುವ ಕೃತಕ ಕೀಲು) ಸಡಿಲವಾಗುವುದು ಹೆಚ್ಚಾಗಿ ಇಲ್ಲೇ. ಕಡಿತದ ಕೋನ ತೋರಲು ಹೊರಗಿನಿಂದ ಕಟ್ಟುವ ಗೈಡಿನ ಕೆಳತುದಿಯನ್ನು ಪಾದದ ಎರಡು ಗಿಣ್ಣುಗಳ ಸರಿಮಧ್ಯಕ್ಕೆ ಇಡುವುದು ಸಾಮಾನ್ಯ ತಪ್ಪು. ಪಾದದ ಕೀಲಿನ ನಿಜವಾದ ನಡುವು ಅಲ್ಲಿಂದ 3ರಿಂದ 5 ಮಿ.ಮೀ. ಒಳಕ್ಕಿದೆ. ಟಿಬಿಯಾದ ಉದ್ದ ಹಿಡಿದು ಲೆಕ್ಕ ಹಾಕಿದರೆ ಕೆಳಗೆ ಸುಮಾರು 6 ಮಿ.ಮೀ. ತಪ್ಪಿದರೆ ಮೇಲೆ 1 ಡಿಗ್ರಿ ತಪ್ಪುತ್ತದೆ, ಅದೂ ಬಿಲ್ಲಿನ ಕಡೆಗೇ. ಸವೆಯದ ಹೊರಬದಿಯಿಂದ ಅಳೆದು 8ರಿಂದ 10 ಮಿ.ಮೀ. ತೆಗೆಯುತ್ತೇನೆ. ಹಿಂದಕ್ಕೆ ಇಳಿಜಾರು ಎಷ್ಟೆಂಬುದು ಇಂಪ್ಲಾಂಟಿಗೆ ತಕ್ಕಂತೆ: ಹಿಂಬದಿಯ ಲಿಗಮೆಂಟ್ ಉಳಿಸುವ ಮಾದರಿಗೆ 5ರಿಂದ 7, ಅದನ್ನು ತೆಗೆದುಹಾಕುವ ಮಾದರಿಗೆ 0ರಿಂದ 3 ಡಿಗ್ರಿ.

ಗರಗಸದ ಬಗ್ಗೆಯೂ ಹೇಳಲೇಬೇಕು. ವರ್ಷಗಟ್ಟಲೆ ಉಜ್ಜಿದ ಒಳಬದಿಯ ಮೂಳೆ ದಂತದಂತೆ ಗಟ್ಟಿಯಾಗಿರುತ್ತದೆ. ಬ್ಲೇಡ್ ಅದನ್ನು ಕೊರೆಯಲಾರದೆ ಮೇಲಕ್ಕೆ ಬಾಗುತ್ತದೆ, ಆ ಬದಿ ಎತ್ತರ ಉಳಿದು ಅದರ ಮೇಲೆ ಕೂರುವ ಇಂಪ್ಲಾಂಟಿನ ತಟ್ಟೆ ವಾರೆಯಾಗುತ್ತದೆ. ಬ್ಲೇಡಿಗೆ ದಾರಿ ತೋರುವ ಬ್ಲಾಕು ಸರಿಯಿತ್ತು ಎಂದರೆ ಕಡಿತವೂ ಸರಿಯಿದೆ ಎಂದು ನಂಬಬಾರದು. ಹೊಸ ಬ್ಲೇಡ್ ಹಾಕಿ, ಕಡಿದ ಮೇಲೆ ಚಪ್ಪಟೆ ತಗಡಿಟ್ಟು ನೋಡಿ, ಉದ್ದ ಸರಳು ಇಳಿಬಿಟ್ಟು ಪಾದದ ಎರಡನೇ ಬೆರಳಿನ ನೇರಕ್ಕೆ ಬರುತ್ತದೆಯೇ ಎಂದು ಪರೀಕ್ಷಿಸುತ್ತೇನೆ.

ಇಷ್ಟರವರೆಗಿನ ಓರೆಗಳೆಲ್ಲ ಎಕ್ಸ್‌ರೇಯಲ್ಲಿ ಕಾಣುವಂಥವು. ಇಂಪ್ಲಾಂಟಿನ ಫೀಮರ್, ಟಿಬಿಯಾ ಭಾಗಗಳು ಒಳಕ್ಕೆ ತಿರುಗಿ ಕೂತರೆ ಅದು ಮಾಮೂಲಿ ಎಕ್ಸ್‌ರೇಯಲ್ಲಿ ತಿಳಿಯುವುದೇ ಇಲ್ಲ. ಮೆಟ್ಟಿಲು ಇಳಿಯುವಾಗ ಮಂಡಿಯ ಮುಂಭಾಗ ನೋಯುವುದು, 90 ಡಿಗ್ರಿ ಮೀರಿ ಮಡಚದಿರುವುದು, ಚಿಪ್ಪು ಹೊರಕ್ಕೆ ಜಾರುವುದು, ಇವುಗಳ ಹಿಂದೆ ಬಹಳ ಸಲ ಇದೇ ಇರುತ್ತದೆ. 1998ರಲ್ಲಿ ಪ್ರಕಟವಾದ ಬರ್ಗರ್ ಮತ್ತು ಸಂಗಡಿಗರ ಸಿ.ಟಿ. ಅಧ್ಯಯನದಲ್ಲಿ ಎರಡೂ ಭಾಗಗಳ ಒಳತಿರುವು ಸೇರಿ 1ರಿಂದ 4 ಡಿಗ್ರಿ ಇದ್ದಾಗ ಚಿಪ್ಪು ವಾಲಿತ್ತು, 3ರಿಂದ 8ರಲ್ಲಿ ಅರೆಬರೆ ಜಾರಿತ್ತು, 7ರಿಂದ 17ರಲ್ಲಿ ಕೀಲು ತಪ್ಪಿತ್ತು ಇಲ್ಲವೇ ಚಿಪ್ಪಿನ ಇಂಪ್ಲಾಂಟ್ ಕೆಟ್ಟಿತ್ತು.

ಹಾಗಾಗಿ ಫೀಮರಿಗೆ ನಾನು ಒಂದೇ ಗುರುತನ್ನು ನೆಚ್ಚಿಕೊಳ್ಳುವುದಿಲ್ಲ. ಹಿಂಬದಿಯ ಉಬ್ಬುಗಳಿಂದ 3 ಡಿಗ್ರಿ ಹೊರಕ್ಕೆ ಎಂಬ ಲೆಕ್ಕ ಬಿಲ್ಲುಗಾಲಿಗೆ ಸಾಮಾನ್ಯವಾಗಿ ಸರಿಹೋಗುತ್ತದೆ. ಮಂಡಿಗಳು ಒಂದಕ್ಕೊಂದು ತಾಗುವ ಕಾಲಿನಲ್ಲಿ ಹೊರಬದಿಯ ಉಬ್ಬೇ ಸಣ್ಣದು. ಅಲ್ಲೂ 3 ಎಂದರೆ ಭಾಗ ಒಳಕ್ಕೆ ತಿರುಗಿ ಕೂರುತ್ತದೆ. ಅಂಥಲ್ಲಿ ವೈಟ್‌ಸೈಡ್ ಗೆರೆಯನ್ನೂ (ಚಿಪ್ಪು ಜಾರುವ ತಗ್ಗಿನಲ್ಲಿ ಹಿಂದೆ ಮುಂದೆ ಹೋಗುವ ಗೆರೆ) ಎರಡು ಎಪಿಕಾಂಡೈಲ್‌ಗಳ (ಫೀಮರಿನ ಕೆಳತುದಿಯ ಎರಡು ಪಕ್ಕದ ಗುಬುಟುಗಳು) ಗೆರೆಯನ್ನೂ ಬಣ್ಣದಲ್ಲಿ ಬರೆದು ತಾಳೆ ನೋಡುತ್ತೇನೆ. ಟಿಬಿಯಾದ ತಟ್ಟೆಯ ನಡುವು, ಚಿಪ್ಪಿನ ಸ್ನಾಯುರಜ್ಜು ಅಂಟುವ ಉಬ್ಬಿನ ಒಳಗಿನ ಮೂರನೇ ಒಂದು ಭಾಗಕ್ಕೆ ನೇರ ಬರಬೇಕು. ಮೂಳೆಯನ್ನು ಪೂರ್ತಿ ಮುಚ್ಚುವ ಆಸೆಗೆ ದೊಡ್ಡ ತಟ್ಟೆ ಹಾಕಿದರೆ ಅದು ತಾನಾಗಿ ಒಳಕ್ಕೆ ತಿರುಗುತ್ತದೆ. ಹಿಂದೆ ಒಳಮೂಲೆಯಲ್ಲಿ ಒಂದಿಷ್ಟು ಮೂಳೆ ಬರಿದೇ ಕಂಡರೂ ಪರವಾಗಿಲ್ಲ.

ಲಿಗಮೆಂಟುಗಳ ಬಿಗಿ ಸರಿಮಾಡುವಾಗ ಮೊದಲು ಅಂಚಿನ ಮೂಳೆಮುಳ್ಳುಗಳನ್ನೆಲ್ಲ ತೆಗೆಯಬೇಕು. ಅರ್ಧ ಬಿಗಿ ಅಲ್ಲೇ ಸಡಿಲವಾಗುತ್ತದೆ. ಅದಕ್ಕೂ ಬಗ್ಗದ ಬಿಲ್ಲಿಗೆ ಒಳಬದಿಯ ಲಿಗಮೆಂಟನ್ನು ಬಿಡಿಸುತ್ತ ಹೋಗುವ ಬದಲು ಚಿಕ್ಕ ತಟ್ಟೆಯನ್ನು ಹೊರಕ್ಕೆ ಸರಿಸಿಟ್ಟು, ಒಳಅಂಚಿನಲ್ಲಿ ಮಿಕ್ಕ ಮೂಳೆಯನ್ನು ಕೆತ್ತುವುದು ನನಗೆ ಮೆಚ್ಚು. ಮುಂಬಯಿಯ ಡಾ. ಅರುಣ್ ಮುಲ್ಲಾಜಿ ಅವರ ಕೆಲಸದಿಂದ ಬಂದ ಲೆಕ್ಕ ಸುಲಭ: 2 ಮಿ.ಮೀ. ಕೆತ್ತಿದರೆ ಸುಮಾರು 1 ಡಿಗ್ರಿ ನೆಟ್ಟಗಾಗುತ್ತದೆ. ಕೊನೆಗೆ ಕಾಲು ಚಾಚಿದಾಗ ಕೀಲಿನ ಸಂದು ಒಳಬದಿ 1–2 ಮಿ.ಮೀ., ಹೊರಬದಿ 2–3 ಮಿ.ಮೀ. ಬಾಯಿ ತೆರೆದರೆ ಸಾಕು. ಚಾಚಿದಾಗ ಬಿಗಿ, ಮಡಚಿದಾಗ ಸರಿ ಎಂದಾದರೆ ಹಿಂಬದಿಯ ಪೊರೆ ಬಿಡಿಸಿ, ಆಮೇಲೂ ಬಗ್ಗದಿದ್ದರಷ್ಟೇ ಫೀಮರಿನ ತುದಿಯಿಂದ ಇನ್ನೂ 2 ಮಿ.ಮೀ. ತೆಗೆಯುತ್ತೇನೆ.

ಹಾಗಾದರೆ 180 ಡಿಗ್ರಿಯೇ ಎಲ್ಲರ ಗುರಿಯೇ? 1991ರ ಜೆಫ್ರಿ ಮತ್ತು ಸಂಗಡಿಗರ ಅಧ್ಯಯನದಲ್ಲಿ ಭಾರದ ಗೆರೆ ಮಂಡಿಯ ನಡುಭಾಗದಲ್ಲಿ ಹಾದಾಗ 3%, ಹೊರಗೆ ಬಿದ್ದಾಗ 24% ಇಂಪ್ಲಾಂಟ್‌ಗಳು ಸಡಿಲವಾಗಿದ್ದವು. 180ರಿಂದ 3 ಡಿಗ್ರಿ ಆಚೀಚೆ ಎಂಬ ಗಡಿ ಗಟ್ಟಿಯಾಗಲು ಅದು ದೊಡ್ಡ ಕಾರಣ. 2010ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ ಆಸ್ಪತ್ರೆಯವರು 398 ಮಂಡಿಗಳ 15 ವರ್ಷದ ಬಾಳಿಕೆ ನೋಡಿದಾಗ ಆ ಗಡಿಯೊಳಗಿದ್ದವು ಗಡಿ ಮೀರಿದವುಗಳಿಗಿಂತ ಹೆಚ್ಚು ಬಾಳಲಿಲ್ಲ. 2012ರಲ್ಲಿ ಬೆಲೆಮಾನ್ಸ್ ತಂಡ ನೋವಿಲ್ಲದ 250 ಯುವಕ ಯುವತಿಯರ ಕಾಲು ಅಳೆದರೆ ಗಂಡಸರಲ್ಲಿ 32%, ಹೆಂಗಸರಲ್ಲಿ 17% ಜನರಿಗೆ ಹುಟ್ಟುಗುಣದಂತೆ 3 ಡಿಗ್ರಿ ಅಥವಾ ಹೆಚ್ಚು ಬಿಲ್ಲಿತ್ತು. ಅಂಥವರ ಕಾಲನ್ನು 180ಕ್ಕೆ ಎಳೆದರೆ ಲಿಗಮೆಂಟನ್ನು ಅನಗತ್ಯವಾಗಿ ಸಡಿಲಿಸಬೇಕಾಗುತ್ತದೆ. ನಾನು 177–178ಕ್ಕೆ ನಿಲ್ಲಿಸುತ್ತೇನೆ. ಟಿಬಿಯಾದ ತಟ್ಟೆಗೆ ಮಾತ್ರ 3 ಡಿಗ್ರಿಗಿಂತ ಹೆಚ್ಚು ಬಿಲ್ಲು ಬಿಡುವುದಿಲ್ಲ. ತೂಕ ಹೆಚ್ಚಿದ್ದು ಮೂಳೆ ಮೆತ್ತಗಿದ್ದರೆ ನೇರವಾಗಿಯೇ ಇಡುತ್ತೇನೆ, ತಟ್ಟೆಗೆ ಗಿಡ್ಡ ಕಾಂಡವನ್ನೂ ಜೋಡಿಸುತ್ತೇನೆ. ಕಂಪ್ಯೂಟರ್ ನ್ಯಾವಿಗೇಷನ್, ರೋಬೋಟ್‌ಗಳಿಂದ ಗಡಿ ಮೀರುವ ಕಡಿತಗಳು ಕಡಿಮೆಯಾಗುತ್ತವೆ, ನಿಜ. ಯಾವ ಕೋನ ಬೇಕೆಂದು ಹೇಳಬೇಕಾದದ್ದು ಆಗಲೂ ನಾವೇ.

ಸಿಮೆಂಟ್ ಹಾಕುವ ಹೊತ್ತಿಗೆ ಗೆದ್ದೆವೆಂದುಕೊಂಡರೆ ಅಲ್ಲೂ ಒಂದೆರಡು ಡಿಗ್ರಿ ಕೈಜಾರುತ್ತದೆ. ಗಟ್ಟಿ ಮೂಳೆಗೆ ಸಣ್ಣ ತೂತುಗಳನ್ನು ಕೊರೆದು, ತೊಳೆದು, ಒಣಗಿಸಿ ತಟ್ಟೆಯನ್ನು ನೇರ ಬಡಿಯಬೇಕು. ಗಟ್ಟಿಯಾಗುವವರೆಗೆ ಕಾಲನ್ನು ಚಾಚಿ ಅಲುಗಿಸದೆ ಹಿಡಿಯಬೇಕು, ಅಷ್ಟರಲ್ಲಿ ಮಡಚಿದರೆ ತಟ್ಟೆ ಒಂದು ಬದಿ ಏಳುತ್ತದೆ.

ಹೊಲಿಗೆ ಬಿಚ್ಚುವ ದಿನ ತೆಗೆದ ಉದ್ದನೆಯ ಚಿತ್ರದಿಂದ ಕೋನ ಅಳೆಯುವುದಿಲ್ಲ. ಮಂಡಿ ಆಗಿನ್ನೂ ಪೂರ್ತಿ ಚಾಚಿರುವುದಿಲ್ಲ. 3 ತಿಂಗಳಿಗೆ ತೆಗೆಸುತ್ತೇನೆ. ಆಗಲೂ ನೋವು ಉಳಿದಿದ್ದರೆ ಮೊದಲು ಉರಿಯೂತ ತಿಳಿಸುವ ರಕ್ತಪರೀಕ್ಷೆಗಳಾದ ಇ.ಎಸ್.ಆರ್., ಸಿ.ಆರ್.ಪಿ. ಮಾಡಿಸಿ, ಬೇಕಾದರೆ ಮಂಡಿಯ ನೀರು ತೆಗೆದು ಸೋಂಕಿಲ್ಲವೆಂದು ಖಚಿತ ಮಾಡಿಕೊಂಡು, ನಂತರ ಎರಡೂ ಭಾಗಗಳ ತಿರುವನ್ನು ಸಿ.ಟಿ.ಯಲ್ಲಿ ಅಳೆಸುತ್ತೇನೆ. ಎಕ್ಸ್‌ರೇ ಚೆನ್ನಾಗಿದೆ, ವ್ಯಾಯಾಮ ಮಾಡಿ ಎಂದು ರೋಗಿಯನ್ನು ಕಳಿಸುವುದು ಆ ಅಳತೆ ಕೈಗೆ ಬಂದ ಮೇಲಷ್ಟೇ.