ಕಿಸೆಗೊಂದು ಗಿಡ್ಡ ಇಂಕ್ ಪೆನ್: ಮೊದಲು ಕ್ಯಾಪ್ ನೋಡಿ

ಇಂಕ್ ಪೆನ್ ಕೊಳ್ಳಲು ಹೋದವರು ಮೊದಲು ಮಾಡುವ ಕೆಲಸ ಒಂದೇ. ಕ್ಯಾಪ್ ತೆಗೆದು ಪಕ್ಕಕ್ಕಿಟ್ಟು, ನಿಬ್ಬನ್ನು ಬೆಳಕಿಗೆ ಹಿಡಿದು ನೋಡುವುದು. ಮೇಜಿನ ಮೇಲೆ ಇರುವ ದೊಡ್ಡ ಪೆನ್ನಿಗೆ ಅದು ಸರಿ. ಕಿಸೆಯಲ್ಲಿ ಹಾಕಿಕೊಂಡು ತಿರುಗಾಡುವ ಗಿಡ್ಡ ಪೆನ್ನಿಗೆ ಮಾತ್ರ ಆ ಪಕ್ಕಕ್ಕಿಟ್ಟ ಕ್ಯಾಪೇ ಮುಖ್ಯ. ಪೆನ್ನು ಕೈಗೆ ಉದ್ದ ಸಾಲುವುದು, ಸೋರುವುದು, ನಿಬ್ ಒಣಗುವುದು, ಕಿಸೆಯಿಂದ ಜಾರಿ ಬೀಳುವುದು, ಎಲ್ಲವೂ ಅದನ್ನೇ ನೆಚ್ಚಿಕೊಂಡಿವೆ. ವಿಜಯಪುರದ ಬಿಸಿಲಲ್ಲಿ ಓಡಾಡುವವರಿಗೆ ಇದು ಇನ್ನೂ ಜಾಸ್ತಿ ಅನ್ವಯಿಸುತ್ತದೆ.

ಮನೆಯಲ್ಲೇ ಕಿಸೆ ಅಳೆಯಿರಿ

ಒಂದು ಸ್ಕೇಲ್ ತೆಗೆದುಕೊಂಡು ದಿನಾ ಹಾಕುವ ಅಂಗಿಯ ಎದೆಕಿಸೆ ಎಷ್ಟು ಆಳ ಇದೆ ನೋಡಿ. ಸಾಮಾನ್ಯ ಇಂಕ್ ಪೆನ್ ಕ್ಯಾಪ್ ಮುಚ್ಚಿದಾಗ 13ರಿಂದ 14 ಸೆಂ.ಮೀ. ಇರುತ್ತದೆ. ಕಿಸೆ ಪೆನ್ ಅನ್ನಬೇಕಾದರೆ 11 ಸೆಂ.ಮೀ. ಆಸುಪಾಸು ಇರಬೇಕು. ಈ ಜಾತಿಯಲ್ಲಿ ಹೆಚ್ಚು ಜನ ಬಲ್ಲ ಹೆಸರು ಜರ್ಮನಿಯ ಕವೆಕೊ ಸ್ಪೋರ್ಟ್. ಮುಚ್ಚಿದಾಗ ಸುಮಾರು ಹತ್ತೂವರೆ ಸೆಂ.ಮೀ. ಅಷ್ಟೇ.

ಎದೆಕಿಸೆಗಾದರೆ ಕ್ಲಿಪ್ ಬೇಕೇ ಬೇಕು. ಗಿಡ್ಡ ಪೆನ್ನುಗಳಲ್ಲಿ ಎಷ್ಟೋ ಕ್ಲಿಪ್ ಇಲ್ಲದೆ ಬರುತ್ತವೆ. ಕವೆಕೊ ಸ್ಪೋರ್ಟ್‌ನ ಸಾಮಾನ್ಯ ಪೆನ್ನಿಗೂ ಕ್ಲಿಪ್ ಬೇರೆ ಕೊಳ್ಳಬೇಕು. ಸಿದ್ಧೇಶ್ವರ ಗುಡಿ ಮುಂದೆ ಚಪ್ಪಲಿ ಬಿಡಲು ಬಗ್ಗಿದಾಗ, ಹಿರಿಯರ ಕಾಲು ಮುಟ್ಟಲು ಬಾಗಿದಾಗ ಕ್ಲಿಪ್ ಇಲ್ಲದ ಪೆನ್ನು ನೆಲಕ್ಕೆ ಬೀಳದೆ ಇರದು. ದಪ್ಪ ಖಾದಿ ತೊಡುವವರು ಅಂಗಡಿಯಲ್ಲೇ ಆ ಬಟ್ಟೆಗೆ ಸಿಕ್ಕಿಸಿ ನೋಡಲಿ. ತೆಳು ಬಟ್ಟೆಗೆ ಸರಿಹೋಗುವ ಕ್ಲಿಪ್ ಖಾದಿಯ ಮೇಲೆ ಏರುವುದೇ ಇಲ್ಲ.

ಜುಬ್ಬಾದ ಬಗಲಕಿಸೆಯಲ್ಲಿ ಪೆನ್ನು ಅಡ್ಡ ಮಲಗುತ್ತದೆ, ನಡೆದಂತೆಲ್ಲ ಕುಲುಕುತ್ತದೆ. ಅಲ್ಲಿ ಕ್ಲಿಪ್ಪಿಗಿಂತ ತಿರುಪು ಕ್ಯಾಪ್ ಮುಖ್ಯ. ಸುಮ್ನೆ ಒತ್ತಿ ಮುಚ್ಚುವ ಕ್ಯಾಪ್ ಕೀಲಿಕೈ ಗೊಂಚಲಿಗೆ ತಾಗಿ ಬಿಚ್ಚಿಕೊಂಡರೆ ಆ ಜುಬ್ಬಾದ ಕಥೆ ಮುಗಿದಂತೆ.

ಕ್ಯಾಪ್ ಹಿಂದಕ್ಕೆ ಹಾಕಿ ಬರೆಯಿರಿ

ಗಿಡ್ಡ ಪೆನ್ನಿನ ಗುಟ್ಟು ಇಲ್ಲಿದೆ. ಮುಚ್ಚಿದಾಗ ಗಿಡ್ಡ, ಕ್ಯಾಪನ್ನು ಹಿಂದೆ ಸಿಕ್ಕಿಸಿದರೆ ಪೂರ್ತಿ ಪೆನ್ನು. ಕವೆಕೊ ಸ್ಪೋರ್ಟ್ ಹಾಗೆ ಮಾಡಿದರೆ 13 ಸೆಂ.ಮೀ. ಮುಟ್ಟುತ್ತದೆ. ಜಪಾನಿನ ಪೈಲಟ್, ಸೇಲರ್, ಪ್ಲಾಟಿನಂ ಕಂಪನಿಗಳು 1960ರ ದಶಕದಲ್ಲಿ ಇದನ್ನೇ ಹಿಡಿದು ಅಂಗಿ ಕಿಸೆಗೆಂದೇ ಪೆನ್ನು ಮಾಡಿದವು. ಉದ್ದ ಕ್ಯಾಪ್, ಮೋಟು ಮೈ. ಹಳೆಯ ಪೆನ್ ಕೂಡಿಸುವವರು ಇವತ್ತಿಗೂ ಅವನ್ನು ಹುಡುಕುತ್ತಾರೆ.

ಅಂಗಡಿಯಲ್ಲಿ ಹೀಗೆ ಮಾಡಿ. ಕ್ಯಾಪ್ ಹಿಂದಕ್ಕೆ ಹಾಕಿ, ಬರೆಯುವ ಹಾಗೆ ಹಿಡಿಯಿರಿ. ಪೆನ್ನಿನ ಹಿಂಭಾಗ ಹೆಬ್ಬೆರಳು, ತೋರುಬೆರಳಿನ ನಡುವಿನ ತಗ್ಗಿನಲ್ಲಿ ಆರಾಮಾಗಿ ಕೂರಬೇಕು. ಆ ತಗ್ಗನ್ನು ಮುಟ್ಟದೆ ಅಂಗೈಗೆ ಚುಚ್ಚಿದರೆ ಎರಡು ಸಾಲಿಗೇ ಬೆರಳು ನೋಯಲು ಶುರು. ಇನ್ನೊಂದು ಮಾತು. ಕ್ಯಾಪ್ ಸಡಿಲ ಕೂತು ಅಲುಗಾಡಬಾರದು. ಲೋಹದ ಕ್ಯಾಪ್ ಆದರೆ ಭಾರವೆಲ್ಲ ಹಿಂದಕ್ಕೆ ಹೋಗಿ ನಿಬ್ ಮೇಲೆದ್ದ ಹಾಗಾಗುತ್ತದೆ. ಹಿತ್ತಾಳೆ ಪೆನ್ನು ನೋಡಲು ಚಂದ, ಬರೆಯಲು ಎಲ್ಲರಿಗೂ ಒಗ್ಗುವುದಿಲ್ಲ. ನನ್ನ ಮತ ಹಗುರ ಪ್ಲಾಸ್ಟಿಕ್ಕಿಗೆ, ಇಲ್ಲವೇ ಎಬೊನೈಟ್‌ಗೆ.

ಎಬೊನೈಟ್ ಅಂದರೆ ಗಂಧಕ ಬೆರೆಸಿ ಗಟ್ಟಿ ಮಾಡಿದ ರಬ್ಬರ್. ಕೈಗೆ ಬೆಚ್ಚಗೆ, ಹಗುರ. ಆಂಧ್ರದ ರಾಜಮಂಡ್ರಿಯ ರತ್ನಂ, ತಮಿಳುನಾಡಿನ ರಂಗ ಇಂಥವರು ಇದನ್ನು ಲೇತ್‌ನಲ್ಲಿ ಕಡೆದು ಪೆನ್ನು ಮಾಡುತ್ತಾರೆ. ಇಂಥ ಕುಶಲಕರ್ಮಿಗಳಲ್ಲಿ ಎಷ್ಟು ಉದ್ದ ಬೇಕು ಅಂತ ಹೇಳಿ ಮಾಡಿಸಿಕೊಳ್ಳುವ ದಾರಿಯೂ ಉಂಟು. ಬೆಳಗಾವಿಯ ಖಡೇಬಜಾರಿನಲ್ಲೋ ವಿಜಯಪುರದ ಗಾಂಧಿ ಚೌಕದ ಸುತ್ತಲೋ ಸ್ಟೇಷನರಿ ಅಂಗಡಿಯವರನ್ನು ಒಮ್ಮೆ ಕೇಳಿ ನೋಡಿ. ಅಲ್ಲಿ ಶಾಲೆ ಮಕ್ಕಳ ಪೆನ್ನುಗಳೇ ಜಾಸ್ತಿ. ಗಿಡ್ಡ ಪೆನ್ನನ್ನು ಬಹುತೇಕ ಅಂಚೆ, ಕೊರಿಯರ್‌ನಲ್ಲೇ ತರಿಸಬೇಕಾಗುತ್ತದೆ. ಹಾಗಾಗಿ ಮುಚ್ಚಿದ ಉದ್ದದ ಜೊತೆಗೆ ಕ್ಯಾಪ್ ಹಿಂದೆ ಹಾಕಿದ ಉದ್ದವನ್ನೂ ಕೇಳಿಯೇ ದುಡ್ಡು ಕಳಿಸಿ.

ತಿರುಪೋ, ಒತ್ತೋ?

ದಿನಕ್ಕೆ ನೂರು ಸಹಿ ಹಾಕುವ ಕೆಲಸವಾದರೆ ಪ್ರತಿ ಸಲ ಕ್ಯಾಪ್ ತಿರುಗಿಸುವುದು ಬೇಸರ. ಒತ್ತು ಕ್ಯಾಪ್ ತೆಗೆದುಕೊಳ್ಳಿ. ಉಳಿದವರಿಗೆಲ್ಲ ತಿರುಪು ಕ್ಯಾಪೇ ವಾಸಿ.

ಗಾಳಿ ಆಡುವ ಕ್ಯಾಪ್ ನಮ್ಮ ಕಡೆ ನಡೆಯುವುದಿಲ್ಲ. ಏಪ್ರಿಲ್, ಮೇ ತಿಂಗಳ ಒಣ ಬಿಸಿಲಿಗೆ ರಾತ್ರಿ ಮುಚ್ಚಿಟ್ಟ ಪೆನ್ನು ಬೆಳಿಗ್ಗೆ ಬರೆಯಲು ಹಟ ಮಾಡುತ್ತದೆ. ಪರೀಕ್ಷೆ ಸುಲಭ. ಹೊಸ ಕ್ಯಾಪಿನ ಬಾಯಿಗೆ ತುಟಿ ಇಟ್ಟು ಉಸಿರು ಒಳಕ್ಕೆ ಎಳೆಯಿರಿ. ನಾಲಿಗೆಗೆ ಕಚ್ಚಿಕೊಂಡರೆ ಒಳ್ಳೆಯ ಕ್ಯಾಪ್. ಸರಾಗ ಗಾಳಿ ಬಂದರೆ ಎಲ್ಲೋ ತೂತಿದೆ. ಅಂಗಡಿಯವರು ಒಂಥರಾ ನೋಡಬಹುದು, ಕೇಳಿಕೊಂಡು ಮಾಡಿ, ಒರೆಸಿ ಕೊಡಿ.

ಇಂಕ್ ಎಲ್ಲಿ ನಿಲ್ಲುತ್ತದೆ?

ಮೋಟು ಮೈಯೊಳಗೆ ಜಾಗ ಕಡಿಮೆ. ಹಾಗಾಗಿ ದೊಡ್ಡ ಪೆನ್ನಿನ ಜೊತೆ ಬರುವ ಉದ್ದ ಕನ್ವರ್ಟರ್ (ಬಾಟಲಿಯಿಂದ ಇಂಕ್ ಎಳೆದುಕೊಳ್ಳುವ ಪುಟ್ಟ ಕೊಳವೆ) ಇದರಲ್ಲಿ ಕೂರುವುದಿಲ್ಲ. ಕೊಳ್ಳುವ ಮೊದಲೇ ಇದನ್ನು ಕೇಳಿ. ಸಾಮಾನ್ಯವಾಗಿ ಎರಡು ದಾರಿ. ಒಂದು, ಗಿಡ್ಡ ಕಾರ್ಟ್ರಿಜ್, ಅಂದರೆ ಇಂಕ್ ತುಂಬಿಯೇ ಬರುವ ಪ್ಲಾಸ್ಟಿಕ್ ನಳಿಕೆ. ಸುಮಾರು 38 ಮಿ.ಮೀ. ಉದ್ದ, ಒಂದು ಎಂ.ಎಲ್.ಗಿಂತ ಕಡಿಮೆ ಇಂಕ್. ಖಾಲಿಯಾದ ಮೇಲೆ ಸಿರಿಂಜಿನಿಂದ ಬಾಟಲಿ ಇಂಕ್ ತುಂಬಿ ಮತ್ತೆ ಮತ್ತೆ ಬಳಸಬಹುದು. ಎರಡು, ಡ್ರಾಪರ್‌ನಿಂದ ನೇರ ಮೈಯೊಳಗೇ ತುಂಬುವುದು, ನಮ್ಮ ಅಜ್ಜಂದಿರ ಪದ್ಧತಿ. ಎರಡು ಎಂ.ಎಲ್. ದಾಟಿ ಹಿಡಿಯುತ್ತದೆ, ವಾರಗಟ್ಟಲೆ ಬರುತ್ತದೆ. ತೈವಾನಿನ ಟ್ವಿಸ್ಬಿ ಡೈಮಂಡ್ ಮಿನಿಯಂಥ, ಹಿಂಬದಿ ತಿರುಗಿಸಿ ಇಂಕ್ ಎಳೆಯುವ ಪಿಸ್ಟನ್ ಪೆನ್ನೂ ಇದೆ, ಆದರೆ ಅದಕ್ಕೆ ಕೈ ಸಡಿಲ ಬಿಡಬೇಕು.

ಡ್ರಾಪರ್ ಪೆನ್ ಚಂದವೇ. ಆದರೆ ಎದೆಕಿಸೆಯ ಸೆಕೆ ಲೆಕ್ಕ ಹಾಕಿ. ಬೆಳಿಗ್ಗೆ ಮನೆಯಲ್ಲಿ 28 ಡಿಗ್ರಿ ಇದ್ದದ್ದು ಮಧ್ಯಾಹ್ನ ಬಿಸಿಲಲ್ಲಿ 40 ಆಯಿತು ಅನ್ನಿ. ಒಳಗಿನ ಗಾಳಿ ಶೇಕಡಾ 4ರಷ್ಟು ಹಿಗ್ಗುತ್ತದೆ. ಅರ್ಧಕ್ಕಿಂತ ಜಾಸ್ತಿ ಖಾಲಿಯಾದ ಪೆನ್ನಿನಲ್ಲಿ 2 ಎಂ.ಎಲ್. ಗಾಳಿ ಇದ್ದರೆ ಅದು 0.08 ಎಂ.ಎಲ್. ಇಂಕನ್ನು ಹೊರಕ್ಕೆ ತಳ್ಳುತ್ತದೆ. ಅಂದರೆ ಒಂದೂವರೆ ಹನಿ. ಬಿಳಿ ಅಂಗಿಗೆ ಅಷ್ಟು ಸಾಕಲ್ವಾ? ನಿಬ್ಬಿನ ಕೆಳಗಿನ ನಾಲಿಗೆಯಲ್ಲಿ ಬಾಚಣಿಗೆ ಹಲ್ಲಿನಂಥ ಸೀಳುಗಳಿರುತ್ತವೆ, ಹೆಚ್ಚಾಗಿ ಬಂದ ಇಂಕನ್ನು ತಡೆದು ಇಟ್ಟುಕೊಳ್ಳುವುದು ಅವೇ. ಅವೂ ತುಂಬಿದಾಗ ಪೆನ್ನು ಕಕ್ಕುತ್ತದೆ. ಕಾರ್ಟ್ರಿಜ್‌ನಲ್ಲಿ ಗಾಳಿಯೇ ಕಡಿಮೆ, ಹಾಗಾಗಿ ತಳ್ಳುವುದೂ ಕಡಿಮೆ.

ಡ್ರಾಪರ್ ಪೆನ್ನೇ ಬೇಕು ಅನ್ನುವವರು ಅರ್ಧ ಆಗುವ ಮೊದಲೇ ಮತ್ತೆ ತುಂಬಿಕೊಳ್ಳಿ. ಕಿಸೆಯಲ್ಲಿ ನಿಬ್ ಮೇಲ್ಮುಖ ಇರಲಿ. ಬಿಸಿಲಿಂದ ಬಂದ ಕೂಡಲೇ ತೆರೆಯಬೇಡಿ. ತೆರೆದಾಗಲೂ ನಿಬ್ ಮೇಲಕ್ಕೆ ಹಿಡಿದೇ ತೆರೆಯಿರಿ. ನಿಬ್ಬಿನ ಭಾಗ ಮೈಗೆ ಕೂಡುವ ತಿರುಪಿಗೆ ಸ್ವಲ್ಪ ಸಿಲಿಕೋನ್ ಗ್ರೀಸ್ ಸವರಿದರೆ ಸೋರಿಕೆ ನಿಲ್ಲುತ್ತದೆ. ವ್ಯಾಸಲೀನ್ ಬೇಡ, ರಬ್ಬರ್ ಉಂಗುರ ಹಾಳಾಗುತ್ತದೆ. ಅಲ್ಯುಮಿನಿಯಂ ಮೈಯ ಪೆನ್ನಿಗೆ ಮಾತ್ರ ನೇರ ಇಂಕ್ ಹಾಕಲೇಬೇಡಿ, ಒಳಗೆ ತುಕ್ಕಿನಂತೆ ತಿನ್ನುತ್ತದೆ.

ಈಗ ನಿಬ್

ಕನ್ನಡ ಬರೆಯುವವರು ಸಣ್ಣ ನಿಬ್ಬೇ ಕೇಳಿ. ನಮ್ಮ ಅಕ್ಷರ ದುಂಡು, ಒತ್ತಕ್ಷರ ಕೆಳಗೆ ಜೋತುಬೀಳುತ್ತದೆ. ದಪ್ಪ ನಿಬ್ಬಿನಲ್ಲಿ ‘ಠ’ದ ಚುಕ್ಕಿ ಸುತ್ತಲಿನ ಬಿಳಿ ಜಾಗವನ್ನೆಲ್ಲ ನುಂಗಿಬಿಡುತ್ತದೆ. ಕಿಸೆ ಪೆನ್ನಿನಲ್ಲಿ ಬರೆಯುವುದೂ ಚಿಕ್ಕ ಡೈರಿಯಲ್ಲೇ, ಸಾಲು ಇನ್ನೂ ಇಕ್ಕಟ್ಟು. ಎಫ್ (ಫೈನ್, ಅಂದರೆ ಸಣ್ಣ ನಿಬ್) ಸಾಕು. ಜಪಾನಿನ ಎಫ್, ಜರ್ಮನಿಯ ಎಫ್‌ಗಿಂತ ಸಣ್ಣ ಗೆರೆ ಎಳೆಯುತ್ತದೆ ಅನ್ನುವುದು ನೆನಪಿರಲಿ.

ಪರೀಕ್ಷೆಗೆ ಸಹಿ ಹಾಕಬೇಡಿ. ಸಹಿ ಎಂಥ ಪೆನ್ನಿನಲ್ಲೂ ಚಂದವೇ ಬರುತ್ತದೆ. ‘ರಾಷ್ಟ್ರ’, ‘ಸ್ತ್ರೀ’, ‘ಪಾಠ’ ಅಂತ ಬರೆಯಿರಿ. ಎಂಟರ ಅಂಕಿಯನ್ನು ಬಿಡದೆ ಸುತ್ತಿ. ಯಾವ ದಿಕ್ಕಿಗಾದರೂ ನಿಬ್ ಕೆರೆದರೆ, ಗೆರೆ ಹಾರಿದರೆ ಬೇರೆ ಪೆನ್ನು ಕೇಳಿ. ಅಂಗಡಿಯವರು ನಿಬ್ಬನ್ನು ಸುಮ್ನೆ ಇಂಕಿನಲ್ಲಿ ಅದ್ದಿ ಕೊಡುತ್ತಾರೆ. ಅದ್ದಿದ ಪೆನ್ನು ಮೊದಲ ಸಾಲಿನಲ್ಲಿ ಜಾಸ್ತಿ ಒದ್ದೆ ಬರೆಯುತ್ತದೆ. ನಾಲ್ಕೈದು ಸಾಲು ದಾಟಿದ ಮೇಲಿನದ್ದೇ ಅದರ ನಿಜ ಗುಣಕ್ಕೆ ಹತ್ತಿರ.

ತುಂಬುವ ಮೊದಲು

ಇಂಕ್ ಪೆನ್ನಿಗೆಂದೇ ಮಾಡಿದ ಇಂಕ್ ಮಾತ್ರ ಹಾಕಿ. ಚಿತ್ರ ಬರೆಯುವ ಇಂಡಿಯನ್ ಇಂಕ್, ಮುದ್ರೆಯ ಇಂಕ್ ಹಾಕಿದರೆ ಚಿಕ್ಕ ನಾಲಿಗೆ ಕಟ್ಟಿಕೊಂಡು ಕೂರುತ್ತದೆ. ಬೆಳಗಾವಿಯ ಜೂನ್, ಜುಲೈ ಮಳೆಯಲ್ಲಿ ಡೈರಿ ನೆನೆದರೆ ತೊಳೆದುಹೋಗುವ ನೀಲಿ ಗತಿ ಕೆಡಿಸುತ್ತದೆ. ಆಗ ಪರ್ಮನೆಂಟ್ ಇಂಕ್ ಇರಲಿ, ವಾರಕ್ಕೊಮ್ಮೆ ತೊಳೆಯುವ ಅಭ್ಯಾಸವೂ ಇರಲಿ.

ತೊಳೆಯುವ ನೀರಿನ ಬಗ್ಗೆಯೂ ಒಂದು ಮಾತು. ಬಾಗಲಕೋಟೆ, ವಿಜಯಪುರದ ಎಷ್ಟೋ ಮನೆಗಳಲ್ಲಿ ಬೋರ್ ನೀರು ಗಡಸು, ಕೊಡಕ್ಕೆ ಬಿಳಿ ಪೊರೆ ಕಟ್ಟುತ್ತದೆ. ಅದೇ ಪೊರೆ ನಾಲಿಗೆಯ ಕೂದಲೆಳೆ ಕಾಲುವೆಯಲ್ಲೂ ಕಟ್ಟುತ್ತದೆ. ಕೊನೆಯ ಸಲ ಜಾಲಿಸಲು ಫಿಲ್ಟರ್ ನೀರು ಬಳಸಿ. ಬಿಸಿನೀರು ಬೇಡ, ಎಬೊನೈಟ್ ಬಣ್ಣಗೆಡುತ್ತದೆ. ತೊಳೆದ ಭಾಗಗಳನ್ನು ಬಟ್ಟೆಯ ಮೇಲೆ ನೆರಳಲ್ಲಿ ಒಣಗಲು ಬಿಡಿ. ಕ್ಯಾಪಿನ ಒಳಗೂ ಒಮ್ಮೆ ಹತ್ತಿ ಬಟ್ಟೆಯ ತುದಿ ತಿರುಗಿಸಿ. ಹಿಂದಿನ ಸಲ ಕಕ್ಕಿದ ಇಂಕ್ ಅಲ್ಲೇ ಕೂತಿದ್ದರೆ ಮುಂದಿನ ಸಲ ಕ್ಯಾಪ್ ಹಿಂದಕ್ಕೆ ಹಾಕಿದಾಗ ಪೆನ್ನಿನ ಮೈಗೆ, ಅಲ್ಲಿಂದ ಬೆರಳಿಗೆ ಹತ್ತುತ್ತದೆ.