ಇಂಗ್ಲಿಷ್ ಬದಿಗಿಟ್ಟ ಮೇಲೆ ತಲೆಗೆ ಹತ್ತಿದ ಕುರ್ದಿಶ್

ಬರ್ಲಿನ್‌ನಲ್ಲಿ ನಮ್ಮ ಪಕ್ಕದ ಮನೆಯವರು ಟರ್ಕಿಯ ದಿಯಾರ್‌ಬಕಿರ್ ಕಡೆಯವರು. ಮನೆಯಲ್ಲಿ ಆಡೋದು ಕುರ್ಮಾಂಜಿ, ಅಂದ್ರೆ ಕುರ್ದಿಶ್ ಭಾಷೆಯ ಒಂದು ಬಗೆ. ಆ ಮನೆಯ ಅಜ್ಜಿ ಹತ್ತಿರ ನಾಲ್ಕು ಮಾತಾಡಬೇಕು ಅಂತ ಕಲಿಯೋಕೆ ಕೂತೆ. ಪುಸ್ತಕ ಇಂಗ್ಲಿಷ್‌ನಲ್ಲಿತ್ತು, ಹಾಗಾಗಿ ಮೊದಲು ಇಂಗ್ಲಿಷ್‌ನಲ್ಲಿ ಜೋಡಿಸಿ ಆಮೇಲೆ ಕುರ್ದಿಶ್‌ಗೆ ತಿರುಗಿಸುತ್ತಿದ್ದೆ. ಸುಮ್ನೆ ಒದ್ದಾಟ.

ಒಂದಿನ 'ಎಜ್ ಕಾರ್ ದಿಕಿಮ್' ಅಂತ ಓದಿದಾಗ ಹೊಳೀತು. ಎಜ್ ಅಂದ್ರೆ ನಾನು, ಕಾರ್ ಅಂದ್ರೆ ಕೆಲಸ, ದಿಕಿಮ್ ಅಂದ್ರೆ ಮಾಡ್ತೀನಿ. ಇದು ನಮ್ಮ ವಾಕ್ಯವೇ ಅಲ್ವಾ! ಇಂಗ್ಲಿಷ್‌ನಲ್ಲಿ ಕ್ರಿಯಾಪದ ಬಂದ ಮೇಲೆ ಕರ್ಮ, ಇಲ್ಲಿ ನಮ್ಮ ಹಾಗೆ ಕರ್ಮವೇ ಮುಂಚೆ. ಕೊನೆಯ 'ಇಮ್' ನಮ್ಮ 'ಈನಿ' ಇದ್ದ ಹಾಗೆ. 'ಇಲ್ಲ' ಅನ್ನೋಕೆ 'ಡೂ ನಾಟ್' ತರ ಬೇರೆ ಪದಗಳೂ ಬೇಡ: ದಿಚಿಮ್ ಅಂದ್ರೆ ಹೋಗ್ತೀನಿ, ನಾಚಿಮ್ ಅಂದ್ರೆ ಹೋಗಲ್ಲ. ಆದರೆ ಎಲ್ಲಿಗೆ ಅನ್ನೋದು ಮಾತ್ರ ಕ್ರಿಯಾಪದ ಆದ ಮೇಲೆ ಬರುತ್ತೆ. 'ಎಜ್ ದಿಚಿಮ್ ಮಾಲೇ', ಮನೆಗೆ ಹೋಗ್ತೀನಿ. ಅದೊಂದು ಇಂಗ್ಲಿಷ್ ತರ.

ಕಷ್ಟ ಶುರುವಾಗಿದ್ದು ಭೂತಕಾಲದಲ್ಲಿ. 'ಎಜ್ ಸೇವೇ ದಿಖ್ವಿಮ್', ಸೇಬು ತಿಂತೀನಿ. ಅದೇ ಧಾಟಿಯಲ್ಲಿ ತಿಂದೆ ಅನ್ನೋಕೆ 'ಎಜ್ ಸೇವ್ ಖ್ವಾರಿಮ್' ಅಂದೆ. ಅಜ್ಜಿ ತಡೆದು 'ಮಿನ್ ಸೇವ್ ಖ್ವಾರ್' ಅಂದರು. ಇಲ್ಲಿ 'ನಾನು' ಅನ್ನೋಕೆ ಎಜ್ ಹೋಗಿ ಮಿನ್ ಬಂತು. ತಟ್ಟೆಗೆ ಇನ್ನೊಂದು ಸೇಬು ಇಟ್ಟು, ಎರಡನ್ನೂ ತೋರಿಸಿ, 'ಮಿನ್ ಸೇವ್ ಖ್ವಾರಿನ್' ಅಂದರು. ನೋಡಿ, ಸೇವ್ ಅನ್ನೋ ಪದ ಬದಲಾಗಲಿಲ್ಲ. ಸೇಬು ಒಂದಲ್ಲ, ಜಾಸ್ತಿ ಅಂತ ಹೇಳಿದ್ದು ಕ್ರಿಯಾಪದ! ಕ್ರಿಯಾಪದ ಹೊಂದಿಕೊಳ್ಳೋದು ತಿಂದವರ ಜೊತೆ ಅಲ್ಲ, ತಿಂದ ವಸ್ತುವಿನ ಜೊತೆ. ನಾನು ಹೇಳಿದ 'ಖ್ವಾರಿಮ್' ಪ್ರಕಾರ ತಿಂದ ವಸ್ತು ನಾನೇ ಆಗಿಬಿಟ್ಟಿದ್ದೆ.

ಇದಕ್ಕೆ ಕನ್ನಡವೂ ಸಾಲಲಿಲ್ಲ, ಇಂಗ್ಲಿಷೂ ಸಾಲಲಿಲ್ಲ. ಕೈಹಿಡಿದಿದ್ದು ಶಾಲೆಯ ಹಿಂದಿ: 'ಮೈನೇ ರೋಟೀ ಖಾಯೀ', ನಾನು ರೊಟ್ಟಿ ತಿಂದೆ. ತಿಂದವರು ಗಂಡಸಾದರೂ 'ಖಾಯೀ'ನೇ, ಯಾಕಂದ್ರೆ ರೋಟೀ ಸ್ತ್ರೀಲಿಂಗ. ಅವತ್ತಿಂದ ಯಾವ ಕ್ರಿಯಾಪದ ಕಲಿತರೂ ಅದರ ಭೂತಕಾಲವನ್ನ 'ಎಜ್' ಅಥವಾ 'ಮಿನ್' ಸೇರಿಸಿಯೇ ಬರೆದುಕೊಳ್ತೀನಿ. ಕರ್ಮ ಇಲ್ಲದ್ದಕ್ಕೆ ಎಜ್: 'ಎಜ್ ಚೂಮ್', ಹೋದೆ. ಕರ್ಮ ಇದ್ದರೆ ಮಿನ್.

ಮೊನ್ನೆ ಮೆಟ್ಟಿಲ ಹತ್ತಿರ ಅಜ್ಜಿ 'ಮಿನ್ ತು ದೀತೀ' ಅಂದರು, ಮಾರ್ಕೆಟ್‌ನಲ್ಲಿ ನಿನ್ನ ನೋಡಿದೆ ಅಂತ. ಯೋಚನೆ ಮಾಡದೆ ಬಾಯಿಗೆ ಬಂತು: 'ಮಿನ್ ಹೂನ್ ನೆದೀತಿನ್.' ನಾನು ನಿಮ್ಮನ್ನ ನೋಡ್ಲಿಲ್ಲ. ಹೂನ್ ಅಂದ್ರೆ ನಮ್ಮ 'ನೀವು', ಬಹುವಚನವೇ ಗೌರವಕ್ಕೂ ಆಗುತ್ತೆ, ಕ್ರಿಯಾಪದವೂ ಅವರಿಗೇ ಹೊಂದಿಕೊಂಡು ಬಂದಿತ್ತು.