ಮಾಕ್ ಬಂದ ದಿನವೇ ಸೀಟಿನ ಸುಳಿವು: ತೀರ್ಥಹಳ್ಳಿಯಿಂದ ನನ್ನ ಅನುಭವ

ಸಿಇಟಿ ಮೊದಲ ಸುತ್ತಿಗೆ ಮುಂಚೆಯೇ ಯಾವ ಎಂಜಿನಿಯರಿಂಗ್ ಕಾಲೇಜು ಸಿಗುತ್ತದೆ ಅಂತ ಹೇಳಬಹುದು ಎಂದರೆ ಇಲ್ಲಿ ಯಾರೂ ನಂಬುತ್ತಿರಲಿಲ್ಲ. ಈಗ ನಂಬುತ್ತಾರೆ. ಈ ಸಲ ನನ್ನ ಸೈಬರ್ ಅಂಗಡಿಯಲ್ಲಿ ಆಪ್ಷನ್ ಎಂಟ್ರಿ ಮಾಡಿಸಿದವರಲ್ಲಿ ಸುಮಾರು ಹತ್ತಕ್ಕೆ ಎಂಟು ಜನರಿಗೆ ನಾನು ಹೇಳಿದ್ದೇ ಬಂತು. ಆಪ್ಷನ್ ಎಂಟ್ರಿ ಅಂದರೆ ಬೇಕಾದ ಕಾಲೇಜು, ಬ್ರಾಂಚುಗಳನ್ನು ಇಷ್ಟದ ಕ್ರಮದಲ್ಲಿ ಹಾಕುವುದು. ಮಾಕ್ ಅಂದರೆ ನಿಜವಾದ ಸುತ್ತಿಗೆ ಮುಂಚೆ ಬರುವ ಅಣಕು ಸೀಟು ಹಂಚಿಕೆ, ಅದನ್ನು ನೋಡಿ ಆಪ್ಷನ್ ಬದಲಿಸಬಹುದು. ಸೀಟು ಬಂದ ಮೇಲೆ ಚಾಯ್ಸ್ 1 ಅಂದರೆ ಈ ಸೀಟೇ ಸಾಕು, ಚಾಯ್ಸ್ 2 ಅಂದರೆ ಇದನ್ನು ಇಟ್ಟುಕೊಂಡೇ ಮುಂದಿನ ಸುತ್ತಿಗೆ ಕಾಯುವುದು.

ಮೊದಲು ಕೈಕೊಟ್ಟಿದ್ದು ಮಾರ್ಕ್ಸ್ ಲೆಕ್ಕ. 180ಕ್ಕೆ ಇಷ್ಟು ಬಂದರೆ ಇಷ್ಟು ರ‍್ಯಾಂಕ್ ಅನ್ನುವ ಪಟ್ಟಿಗಳು ವಾಟ್ಸಾಪಿನಲ್ಲಿ ಓಡಾಡುತ್ತವಲ್ಲ, ಅವು ಯಾವುದಕ್ಕೂ ಬರಲ್ಲ. ಅರ್ಧ ಪಿಯುಸಿ, ಅರ್ಧ ಸಿಇಟಿ ಸೇರಿ ರ‍್ಯಾಂಕ್ ಆಗುವುದು. ಸಿಇಟಿಯಲ್ಲಿ ಒಂದೇ ಮಾರ್ಕ್ಸ್ ತೆಗೆದ ಇಬ್ಬರಿಗೆ ಸಾವಿರಗಟ್ಟಲೆ ರ‍್ಯಾಂಕ್ ವ್ಯತ್ಯಾಸ ಇರುತ್ತದೆ. 2024ರಲ್ಲಂತೂ ಸಿಲೆಬಸ್ ಹೊರಗಿನ 50 ಪ್ರಶ್ನೆಗಳನ್ನೇ ಕೈಬಿಟ್ಟರು, ಹಳೆಯ ಪಟ್ಟಿಗಳು ಆಗಲೇ ಕಸವಾದವು. ಆಮೇಲೆ 2,500 ರೂಪಾಯಿ ಹತ್ತಿರ ಕೊಟ್ಟು ಯಾವ ಸೀಟು ಬರುತ್ತದೆ ಅಂತ ಊಹಿಸುವ ಒಂದು ಪ್ರಿಡಿಕ್ಟರ್ ತಗೊಂಡೆ. ಅದು ಎಲ್ಲರಿಗೂ ಜಿಎಂ (ಜನರಲ್ ಮೆರಿಟ್) ಕಾಲಂ ನೋಡಿಯೇ ಹೇಳುತ್ತಿತ್ತು. ನಮ್ಮ ಕಡೆಯ ಅರ್ಧ ಮಕ್ಕಳು ಗ್ರಾಮೀಣ ಕೋಟಾದವರು, ಕನ್ನಡ ಮಾಧ್ಯಮದವರು. ಅವರ ಕಾಲಂ ಬಿಟ್ಟು ಲೆಕ್ಕ ಹಾಕಿದರೆ ಏನು ಪ್ರಯೋಜನ?

ಕೊನೆಗೆ ಕೆಇಎ (ಸಿಇಟಿ ನಡೆಸುವ ಪರೀಕ್ಷಾ ಪ್ರಾಧಿಕಾರ) ಹಾಕುವ ಕಟಾಫ್ ಪಟ್ಟಿಗಳನ್ನೇ, ಅಂದರೆ ಪ್ರತಿ ಬ್ರಾಂಚಿನ ಕೊನೆಯ ಸೀಟು ಯಾವ ರ‍್ಯಾಂಕಿಗೆ ಹೋಯಿತು ಅನ್ನುವ ಪಟ್ಟಿಗಳನ್ನೇ ಹಿಡಿದೆ. ನಾಲ್ಕು ವರ್ಷದ್ದು ಪ್ರಿಂಟ್ ತೆಗೆಯಲು ಪೇಪರ್, ಟೋನರ್ ಸೇರಿ 2,000 ದಾಟಿತು. 2021ರದ್ದನ್ನು ಪಕ್ಕಕ್ಕಿಟ್ಟೆ. ಆ ವರ್ಷ ಕೋವಿಡ್‌ನಿಂದ ಪಿಯುಸಿ ಪರೀಕ್ಷೆ ನಡೆಯಲಿಲ್ಲ, ಬರೀ ಸಿಇಟಿ ಮೇಲೆ ರ‍್ಯಾಂಕ್ ಕೊಟ್ಟರು, ಬೇರೆ ವರ್ಷದ ಜೊತೆ ಅದು ಹೊಂದುವುದಿಲ್ಲ. ಇದರ ಜೊತೆಗೆ ಒಂದು ನೋಟ್‌ಬುಕ್ ಇಟ್ಟೆ. ಅಂಗಡಿಗೆ ಬಂದ ಪ್ರತಿ ಹುಡುಗ, ಹುಡುಗಿಗೆ ಮಾಕ್‌ನಲ್ಲಿ ಏನು ಬಂತು, ಮೊದಲ ಸುತ್ತಿನಲ್ಲಿ ಏನು, ಎರಡನೆಯದರಲ್ಲಿ ಏನು, ಅಷ್ಟೇ.

ಎರಡು ವರ್ಷ ಬರೆದ ಮೇಲೆ ದಾರಿ ಕಂಡಿತು. ಮಾಕ್‌ಗೆ ಮುಂಚೆ ತುಂಬಾ ಜನ ಬರೀ ಬೆಂಗಳೂರಿನ ದೊಡ್ಡ ಕಾಲೇಜುಗಳನ್ನೇ ಹಾಕಿರುತ್ತಾರೆ. ಮಾಕ್‌ನಲ್ಲಿ ಏನೂ ಸಿಗದಿದ್ದಾಗ ಗಾಬರಿಯಾಗಿ ಶಿವಮೊಗ್ಗ, ದಾವಣಗೆರೆ, ಹಾಸನ, ಚಿಕ್ಕಮಗಳೂರು ಎಲ್ಲ ಸೇರಿಸುತ್ತಾರೆ. ಹಾಗಾಗಿ ಇಲ್ಲಿನ ಕಾಲೇಜುಗಳಿಗೆ ಮಾಕ್ ಸಡಿಲ (ದೊಡ್ಡ ಸಂಖ್ಯೆಯ ರ‍್ಯಾಂಕಿಗೂ ಸೀಟು ಸಿಗುತ್ತದೆ), ಮೊದಲ ಸುತ್ತು ಬಿಗಿ, ಎರಡನೆಯದು ಮತ್ತೆ ಸಡಿಲ. ಮಾಕ್‌ನಲ್ಲೂ ಬಂದಿದೆ, ರ‍್ಯಾಂಕ್ ಹಿಂದಿನ ವರ್ಷಗಳ ಮೊದಲ ಸುತ್ತಿನ ಕಟಾಫ್ ಒಳಗೂ ಇದೆ ಅಂದರೆ ಸೀಟು ಬಹುತೇಕ ಖಂಡಿತ. ಮಾಕ್‌ನಲ್ಲಿ ಬಂದಿದೆ, ಆದರೆ ರ‍್ಯಾಂಕ್ ಕೊನೆ ಸುತ್ತಿನ ಕಟಾಫ್ ಒಳಗೆ ಮಾತ್ರ ಇದೆ ಅಂದರೆ ಮೊದಲ ಸುತ್ತಿನಲ್ಲಿ ಜಾರುತ್ತದೆ, ಎರಡನೆಯದರಲ್ಲಿ ವಾಪಸ್ ಬರುತ್ತದೆ. ಎಷ್ಟು ಅಂತರದವರೆಗೆ ಇದನ್ನು ನಂಬಬಹುದು ಅನ್ನುವ ಲೆಕ್ಕ ಬ್ರಾಂಚಿಗೊಂದು ಥರ. ಅದು ನನ್ನ ನೋಟ್‌ಬುಕ್ಕಲ್ಲೇ ಇರಲಿ.

ಇದಕ್ಕೆ ಶಿವಮೊಗ್ಗದ ಕೋಚಿಂಗ್ ಮೇಷ್ಟ್ರೊಬ್ಬರು "ಇದೆಲ್ಲ ಶಾಸ್ತ್ರ ಹೇಳಿದ ಹಾಗಾಯ್ತು ಮಾರಾಯ್ರೆ" ಅಂದಿದ್ದರು. ಅದಕ್ಕೆ ಉತ್ತರವಾಗಿ ಒಂದು ಉದಾಹರಣೆ: ಆಗುಂಬೆ ಕಡೆಯ ಒಬ್ಬ ಹುಡುಗಿ, 2ಎ (ಹಿಂದುಳಿದ ವರ್ಗ), ರ‍್ಯಾಂಕ್ 40 ಸಾವಿರದ ಆಸುಪಾಸು. ಮಾಕ್‌ನಲ್ಲಿ ಶಿವಮೊಗ್ಗದಲ್ಲೇ ಎಲೆಕ್ಟ್ರಾನಿಕ್ಸ್ (ಇಸಿ) ಬಂತು. ಮೊದಲ ಸುತ್ತಿನಲ್ಲಿ ಅದು ಹೋಗಿ ದೂರದ ಊರಿನ ಮೆಕ್ಯಾನಿಕಲ್ ಬಂತು. ಸೋದರಮಾವ ಚಾಯ್ಸ್ 1 ಕೊಟ್ಟು ಸೇರಿಸಿಬಿಡಿ ಅಂದರು. ಅಪ್ಪ ಅಡಿಕೆ ಮಾರಿದ ದುಡ್ಡಲ್ಲಿ ಮ್ಯಾನೇಜ್‌ಮೆಂಟ್ ಸೀಟಿಗೆ ಒಂದು ಲಕ್ಷ ಅಡ್ವಾನ್ಸ್ ಕೊಡಲು ಹೊರಟಿದ್ದರು. ಹಿಂದಿನ ವರ್ಷ ನಮ್ಮೂರಿನವರೊಬ್ಬರು ಬೆಂಗಳೂರಿನ ಏಜೆಂಟ್‌ಗೆ ಹಾಗೇ 50 ಸಾವಿರ ಕೊಟ್ಟು ಕಳೆದುಕೊಂಡಿದ್ದರು, ಅದಕ್ಕೇ ನಾನು ಬಿಡಲಿಲ್ಲ. ಚಾಯ್ಸ್ 2 ಕೊಡಿ, ಈ ಸೀಟೂ ಕೈಯಲ್ಲೇ ಇರುತ್ತದೆ, ಎರಡನೇ ಸುತ್ತಿನಲ್ಲಿ ಇಸಿ ಬರುತ್ತದೆ ಅಂತ ಪಟ್ಟು ಹಿಡಿದು ಕೂತೆ. ಬಂತು! ಆ ಮೇಷ್ಟ್ರು ಈಗ ತಮ್ಮ ಹುಡುಗರನ್ನೇ ನನ್ನ ಹತ್ತಿರ ಕಳಿಸುತ್ತಾರೆ. ನಾನು ತಗೊಳ್ಳುವುದು ಈಗಲೂ 300 ರೂಪಾಯಿಯೇ.

ನಡುವೆ ನೀಟ್ ಬರೆದವರ ಲೆಕ್ಕವನ್ನೂ ಹಿಡಿದು ನೋಡಿದೆ. ಅವರು ಮೆಡಿಕಲ್‌ಗೆ ಹೋದಾಗ ಎಂಜಿನಿಯರಿಂಗ್ ಸೀಟು ಬಿಡುತ್ತಾರಲ್ಲ, ಅದು ಎರಡನೇ ಸುತ್ತನ್ನು ಎಷ್ಟು ಸಡಿಲ ಮಾಡುತ್ತದೆ ಅಂತ. ಬೆಂಗಳೂರಿನ ಕಂಪ್ಯೂಟರ್ ಸೈನ್ಸ್ (ಸಿಎಸ್) ಬ್ರಾಂಚ್‌ನಲ್ಲಿ ಚೆನ್ನಾಗಿ ಕಾಣುತ್ತದೆ, ಇಲ್ಲಿ ಅಷ್ಟಿಲ್ಲ. ಕಾಮೆಡ್‌ಕೆ (ಖಾಸಗಿ ಕಾಲೇಜುಗಳ ಪ್ರವೇಶ ಪರೀಕ್ಷೆ) ಮೊದಲ ಸುತ್ತು ನೋಡಿ ಸಿಇಟಿ ಊಹಿಸುವುದನ್ನೂ ಮಾಡಿದೆ, ಸುಮ್ನೆ ಟೈಮ್ ಹೋಯಿತು.

ಗ್ರಾಮೀಣ ಕಾಲಂ ಒಂದನ್ನೇ ನಂಬಿ ಯಾರಿಗೂ ಮಾತು ಕೊಡಬೇಡಿ. 60 ಸೀಟಿನ ಬ್ರಾಂಚಿನಲ್ಲಿ ಖಾಸಗಿ ಕಾಲೇಜಿಂದ ಸಿಇಟಿಗೆ ಬರುವುದು 45%, ಅಂದರೆ 27. ಅದರಲ್ಲಿ 2ಎಗೆ 15%, ನಾಲ್ಕು ಸೀಟು. ಅದರಲ್ಲಿ ಗ್ರಾಮೀಣಕ್ಕೆ ಮತ್ತೆ 15% ಅಂದರೆ ಒಂದು ಸೀಟೂ ಪೂರ್ತಿ ಆಗಲ್ಲ. ಒಂದು ವರ್ಷ 2ಎಆರ್ (2ಎ ಗ್ರಾಮೀಣ) ಕಾಲಂನಲ್ಲಿ ರ‍್ಯಾಂಕ್ ಇರುತ್ತದೆ, ಮುಂದಿನ ವರ್ಷ ಬರೀ ಗೆರೆ. ನಾನು 2ಎಜಿ (2ಎ ಸಾಮಾನ್ಯ) ನೋಡಿಯೇ ಹೇಳುವುದು, 2ಎಆರ್ ಬಂದರೆ ಲಾಭ ಅಂದುಕೊಳ್ಳುವುದು. ಸೀಟ್ ಮ್ಯಾಟ್ರಿಕ್ಸ್ (ಯಾವ ಕಾಲೇಜಲ್ಲಿ ಎಷ್ಟು ಸೀಟು ಅನ್ನುವ ಪಟ್ಟಿ) ಕೂಡ ಪ್ರತಿ ವರ್ಷ ಹೊಸದಾಗಿ ನೋಡಬೇಕು. 2024ರಲ್ಲಿ ಎಐಸಿಟಿಇ (ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ) ಸೀಟಿನ ಮಿತಿ ತೆಗೆದ ಮೇಲೆ ಕೆಲವು ಕಾಲೇಜುಗಳು ಸಿಎಸ್ ಸೀಟು ಏರಿಸಿವೆ. ಅಂಥ ಕಡೆ ಹಳೆಯ ಕಟಾಫ್‌ಗಿಂತ ಹಿಂದಿನ ರ‍್ಯಾಂಕಿಗೂ ಸೀಟು ಬರುತ್ತಿದೆ, ಮತ್ತು ಅದೇ ಕಾಲೇಜಿನ ಇಸಿ, ಇನ್ಫರ್ಮೇಷನ್ ಸೈನ್ಸ್‌ಗಳೂ ಅದರ ಹಿಂದೆಯೇ ಸಡಿಲವಾಗುತ್ತಿವೆ. ಮುಂದಿನ ಸಲಕ್ಕೆ ಆ ಬ್ರಾಂಚುಗಳಿಗೆ ನೋಟ್‌ಬುಕ್ಕಲ್ಲಿ ಬೇರೆ ಪುಟ ತೆಗೆದಿದ್ದೇನೆ.